ತೂತು ಬಿದ್ದ ಏಂಜಲ್

ಜನೀನ್ ಡ್ರಾಯರನ್ನು ಎಳೆದ ರಭಸಕ್ಕೆ ಚಿನ್ನದ ನಾಣ್ಯಗಳು ತಮ್ಮ ತಮ್ಮ ಗುಳಿಗಳಲ್ಲೇ ಕುಲುಕಿದವು.

“ಮೆಲ್ಲಗೆ ಮಗಳೇ,” ಅಂದ ಸಿರಿಲ್. ನಾಣ್ಯ ಸಂಗ್ರಹಿಸುವವರ ಸಂಘದಲ್ಲಿ ಅವಳಪ್ಪನ ಪಕ್ಕ ಐವತ್ತು ವರ್ಷ ಕೂತವನು. “ಅಂಚು ಹಿಡಿದು ತೆಗಿ. ನಾಣ್ಯದ ಮುಖಕ್ಕೆ ಬೆರಳು ತಾಗಿಸಬೇಡ.”

“ಅದೊಂದು ಮಾತು ಕೇಳಿ ಕೇಳಿ ಸಾಕಾಗಿದೆ ಮಾಮ. ಎಲ್ಲಾ ನೀವೇ ತಗೊಂಡು ಹೋಗಿ. ಇವತ್ತೇ.”

ಅವಳಪ್ಪ, ಗಡಿಯಾರ ರಿಪೇರಿಯ ವಿಲ್ಫ್ ಟ್ಯಾನ್ಸ್ಲಿಯನ್ನು ಮಧ್ಯಾಹ್ನವಷ್ಟೇ ಇಂಗ್ಲೆಂಡಿನ ಲೌತ್ ಊರಿನಲ್ಲಿ ಮಣ್ಣು ಮಾಡಿ ಬಂದಿದ್ದರು. ಹೊರಗಿನ ಕೋಣೆಯಲ್ಲಿ ನೆಂಟರು ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ ಸತ್ತವನ ತಾಳ್ಮೆಯನ್ನು ಹೊಗಳುತ್ತಿದ್ದರು. ಮಗಳಿಗೆ ಅದನ್ನು ಕೇಳಲಾಗಲಿಲ್ಲ. ಒಂದನೇ ಚಾರ್ಲ್ಸ್ ದೊರೆಯ ಕಾಲದ ಈ ಬಿಲ್ಲೆಗಳಿಗೆ ಕೊಟ್ಟ ಮನಸ್ಸಿನಲ್ಲಿ ಕಾಲುಪಾಲನ್ನಾದರೂ ಅಪ್ಪ ತನಗೆ ಕೊಟ್ಟಿದ್ದನೇ? ಬುದ್ಧಿ ಬಂದಾಗಿನಿಂದ ಅವಳನ್ನು ಕಾಡುತ್ತಿದ್ದುದು ಇದೊಂದೇ.

* * *

ಏಳು ವರ್ಷದವಳಿದ್ದಾಗ ಮಿದುಳು ಜ್ವರ ಬಂದು ಆಸ್ಪತ್ರೆ ಸೇರಿದ್ದಳು. ಅಮ್ಮ ಅವಳ ಹಾಸಿಗೆಯ ಪಕ್ಕ ಬಿಟ್ಟು ಅಲುಗಲಿಲ್ಲ. ಅಪ್ಪ ಬಂದದ್ದು ಒಂದೇ ಸಲ. ಮೈಯಲ್ಲಿ ಗಡಿಯಾರದ ಎಣ್ಣೆಯ ವಾಸನೆ. ಮುತ್ತಿಡಲಿಲ್ಲ, ಹಣೆ ಮುಟ್ಟಲಿಲ್ಲ. ಕತ್ತಿನ ಬಳಿ ಏನೋ ತಡಕಾಡಿದ, ತಣ್ಣಗೆ ಏನೋ ತಾಗಿತು. ಅಂಗಿಯ ಗುಂಡಿ ಹಾಕುತ್ತಿದ್ದಾನೆ ಅಂದುಕೊಂಡಳು. ಕಣ್ಣು ಬಿಡುವಷ್ಟರಲ್ಲಿ ಹೊರಟುಹೋಗಿದ್ದ.

* * *

“ಏಂಜಲ್ ಕಣೇ ಇದು,” ಸಿರಿಲ್ ದೇವದೂತನ ಚಿತ್ರವಿದ್ದ ನಾಣ್ಯವನ್ನು ಎತ್ತಿದ. “ಮಾರಿಬಿಟ್ಟೆ ಅಂದಿದ್ದನಲ್ಲ ವಿಲ್ಫ್ ಮಹಾರಾಯ. ದೊರೆ ಮುಟ್ಟಿದ್ರೆ ರೋಗ ವಾಸಿ ಅನ್ನೋ ನಂಬಿಕೆ ಆಗ; ರೋಗಿಗಳನ್ನ ಮುಟ್ಟಿ, ಇದನ್ನ ಬಿಳಿ ರಿಬ್ಬನ್ನಲ್ಲಿ ಕತ್ತಿಗೆ ಹಾಕ್ತಿದ್ದ. ಅದಕ್ಕೇ ಸಿಗೋದೆಲ್ಲ ತೂತಿನವೇ. ತೂತಿಲ್ಲದ್ದು ಬೇಕು ಅಂತ ನಿಮ್ಮಪ್ಪ ಹನ್ನೊಂದು ವರ್ಷ ಕಾದ, ಮೋಟಾರ್‌ಸೈಕಲ್ ಮಾರಿದ. ಈಗ ನೋಡಿದ್ರೆ...” ಕಿಟಕಿಯ ಬೆಳಕಿಗೆ ಹಿಡಿದ. “ಇದು ಹಳೇ ತೂತಲ್ಲ. ಗಡಿಯಾರದವರ ಡ್ರಿಲ್ಲಿಂದು. ಯಾವ ಮುಟ್ಟಾಳ ಮಾಡಿದ್ದು?”

“ನಮ್ಮಣ್ಣನೇ ಆ ಮುಟ್ಟಾಳ,” ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಹಿಲ್ಡಾ ಅತ್ತೆ ಅಂದಳು. “ಮಗು ಉಳಿಯಲ್ಲ ಅಂತ ಡಾಕ್ಟರು ಕೈಚೆಲ್ಲಿದ ದಿನ. ನನ್ನ ಟೋಪಿಯ ರಿಬ್ಬನ್ ಕಿತ್ಕೊಂಡ. ರಾಜ ಸತ್ತು ಮುನ್ನೂರು ವರ್ಷ ಆಯ್ತಲ್ಲೋ ಅಂದೆ. ನಾಣ್ಯ ಇದೆಯಲ್ಲ ಅಂದ. ಹೋಗ್ಲಿ, ಬಟ್ಟೆಯಲ್ಲಿ ಸುತ್ತಿ ಕಟ್ಟು, ಹಾಳು ಮಾಡ್ಬೇಡ ಅಂದ್ರೆ, ಹೇಗೆ ಮಾಡ್ತಿದ್ರೋ ಹಾಗೇ ಮಾಡ್ಬೇಕು ಅಂದ. ತಾನೇ ಕೊರೆದು, ನಿನ್ನ ಕತ್ತಿಗೆ ಕಟ್ಟಿ ಬಂದ. ಜ್ವರ ಇಳಿದ ಮೇಲೆ ನಿಮ್ಮಮ್ಮ ಬಿಚ್ಚಿ ತಂದಳು.”

“ನನಗ್ಯಾಕೆ ಹೇಳಲಿಲ್ಲ ಅತ್ತೆ?”

“ನಾಚಿಕೆ ಕಣೇ. ಸಂಘದವರು ಕೇಳಿದ್ರೆ ನಗ್ತಾರೆ ಅಂತ ನನ್ನ ಹತ್ರ, ನಿಮ್ಮಮ್ಮನ ಹತ್ರ ಆಣೆ ಹಾಕಿಸ್ಕೊಂಡ.”

ಸಂಘದ ಸಿರಿಲ್ ನಗಲಿಲ್ಲ. ನಾಣ್ಯವನ್ನು ಅಂಚು ಹಿಡಿದೇ ಅವಳತ್ತ ಚಾಚಿದ.

ಜನೀನ್ ಅದನ್ನು ಅಂಗೈಗೆ ಹಾಕಿಕೊಂಡಳು. ಅಳು ಒತ್ತರಿಸಿ ಬಂತು. ಕಣ್ಣೊರೆಸಿಕೊಂಡ ಒದ್ದೆ ಹೆಬ್ಬೆರಳನ್ನು ದೇವದೂತನ ಮುಖದ ಮೇಲೆ ಒತ್ತಿ, ಮುಷ್ಟಿಯನ್ನು ಬಿಗಿಯಾಗಿ ಮುಚ್ಚಿದಳು. “ಅಂಚು ಹಿಡಿ” ಅನ್ನಲು ಸಿರಿಲ್ ಬಾಯಿ ತೆರೆದ. ಹಾಗೇ ಮುಚ್ಚಿಕೊಂಡು, ಡ್ರಾಯರನ್ನು ಮೆಲ್ಲಗೆ ಒಳಗೆ ತಳ್ಳಿದ.