ದೊಡ್ಡ ಕನ್ನಡಕನ ಮಗಳ ಕಣ್ಣು

ಮಗಳ ಬಲಗಣ್ಣಿನ ರೆಪ್ಪೆ ನಾಲ್ಕನೇ ಸಲವೂ ನೆನೆಸಿದ ಕಾಳಿನಂತೆ ಊದಿಕೊಂಡಾಗ ದೊಡ್ಡ ಕನ್ನಡಕನಿಗೆ ಮೊದಲು ಬಂದದ್ದು ಸಿಟ್ಟು. ಮರುಕ ಆಮೇಲೆ ಬಂತು, ಅದೂ ಸ್ವಲ್ಪ. ಕಣ್ಣೇ ಕಸುಬಾಗಿರುವವನ ಮನೆಯಲ್ಲಿ, ಅವನ ಅಪ್ಪಣೆ ಕೇಳದೆ, ಒಂದು ಕಣ್ಣು ಹೀಗೆ ಮೇಲಿಂದ ಮೇಲೆ ಊದಿಕೊಳ್ಳುವುದೆಂದರೇನು?

ದೊಡ್ಡ ಕನ್ನಡಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೂಲೆಯಲ್ಲಿ ಕನ್ನಡಕದಂಗಡಿ ಇಟ್ಟಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣ ದೊಡ್ಡ ಕನ್ನಡಕ, ತಮ್ಮ ಚಿಕ್ಕ ಕನ್ನಡಕ. ಅಣ್ಣನನ್ನು ದೊಡ್ಡವನೆಂದದ್ದು ಬರೀ ವಯಸ್ಸು ನೋಡಿ ಅಲ್ಲ, ಬಾಯಿಯನ್ನೂ ಸೇರಿಸಿ. ಇಪ್ಪತ್ತು ವರ್ಷ ಜನರ ಕಣ್ಣು ನೋಡಿ ನೋಡಿ ಅವನಿಗೆ ಒಂದು ಸಂಗತಿ ಖಾತ್ರಿಯಾಗಿತ್ತು: ಲೋಕದಲ್ಲಿ ಎಲ್ಲವೂ ಸರಿಯಾಗಿ ಕಾಣುವುದು ತನಗೊಬ್ಬನಿಗೇ. ಗಿರಾಕಿಗಳು ಪೆದ್ದರು, ಡಾಕ್ಟರುಗಳು ಪುಸ್ತಕದ ಹುಳುಗಳು, ಹೆಂಡತಿಗೆ ಏನೂ ತಿಳಿಯದು, ತಮ್ಮನಂತೂ ಶುದ್ಧ ದಡ್ಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಇವನು ಮೊಲವನ್ನೇ ಹಿಡಿಯದೆ ಕಾಲು ಎಣಿಸಿ ಹೇಳುವವನು.

ಮೂರು ತಿಂಗಳ ಹಿಂದಿನವರೆಗೆ ಅಂಗಡಿ ಒಂದೇ ಆಗಿತ್ತು. ಬೀದಿಯುದ್ದಕ್ಕೆ ಮೈಚಾಚಿದ ಕೋಣೆ, ಎರಡು ಬಾಗಿಲು. ಒಂದು ತುದಿಯಲ್ಲಿ ಗಿರಾಕಿ ಕೂರುವ ಕುರ್ಚಿ, ಇನ್ನೊಂದು ತುದಿಯ ಗೋಡೆಯ ಮೇಲೆ ಅಕ್ಷರಗಳ ಚಾರ್ಟು, ನಡುವೆ ದೃಷ್ಟಿ ಪರೀಕ್ಷೆಗೆಂದು ಅಳೆದು ಬಿಟ್ಟ ಇಪ್ಪತ್ತು ಅಡಿ. ಒಂದು ದಿನ ಒಬ್ಬ ಮುದುಕಿ ಬಂದು, ಹೊಸ ಕನ್ನಡಕ ಹಾಕಿದರೆ ತಲೆ ಸುತ್ತುತ್ತದೆ ಎಂದಳು. "ವಯಸ್ಸಾದ್ಮೇಲೆ ತಲೆ ಸುತ್ತದೆ ಇನ್ನೇನಾಗುತ್ತಮ್ಮ" ಎಂದು ದೊಡ್ಡ ಕನ್ನಡಕ ಅವಳನ್ನು ಸಾಗಹಾಕುತ್ತಿದ್ದ. ತಮ್ಮ ಅದನ್ನು ಇಸಕೊಂಡು ಬೆಳಕಿಗೆ ಹಿಡಿದು ನೋಡಿ, "ಅಣ್ಣ, ಬಲದ್ದು ಎಡಕ್ಕೆ ಕೂತಿದೆ, ಎಡದ್ದು ಬಲಕ್ಕೆ" ಎಂದ. ಅದೂ ಮೆಲ್ಲಗೆ. ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ತಪ್ಪು ಮಾಡಿದ್ದು ಅಣ್ಣನಿಗೆ ದೊಡ್ಡದೆನಿಸಲಿಲ್ಲ. ಅದನ್ನು ಕಂಡವರನ್ನು ಮಾತ್ರ ಕ್ಷಮಿಸಲಾಗಲಿಲ್ಲ.

ಮರುವಾರವೇ ಅಂಗಡಿಯ ನಟ್ಟನಡುವೆ ಪ್ಲೈವುಡ್ ಗೋಡೆ ಎದ್ದಿತು. ಕುರ್ಚಿ ಅಣ್ಣನ ಪಾಲಿಗೆ, ಚಾರ್ಟು ತಮ್ಮನ ಪಾಲಿಗೆ. ಈಗ ಇಬ್ಬರಿಗೂ ಹತ್ತತ್ತೇ ಅಡಿ. ದೊಡ್ಡ ಕನ್ನಡಕ ಉಲ್ಟಾ ಅಕ್ಷರದ ಚಾರ್ಟು ತಂದು ಗಿರಾಕಿಯ ತಲೆಯ ಮೇಲೆ ಕಟ್ಟಿ, ಎದುರಿಗೆ ಕನ್ನಡಿ ಇಟ್ಟು, ಹತ್ತಡಿಯನ್ನು ಇಪ್ಪತ್ತಾಗಿಸಿ ಓದಿಸತೊಡಗಿದ. ಚಿಕ್ಕ ಕನ್ನಡಕ ಯಾವುದೋ ಕ್ಷೌರದಂಗಡಿಯ ಹಳೇ ಕುರ್ಚಿ ತಂದು ಹಾಕಿಕೊಂಡ. ನೋಡಿದವರು ನಕ್ಕರು. ನಗುವವರಿಗೆ ದುಡಿಮೆ ಇಲ್ಲ ಎಂದು ದೊಡ್ಡ ಕನ್ನಡಕ ತೀರ್ಪು ಕೊಟ್ಟ.

ಗೋಡೆಯಾದರೆ ಸಾಲದು, ತಮ್ಮನ ದನಿಯೂ ಕೇಳಬಾರದೆಂದು ಅವನ ಹಟ. ಬಡಗಿ ಎರಡು ಹಲಗೆಗಳ ನಡುವೆ ಎಂಥದೋ ಹಳದಿ ಹತ್ತಿ ತುಂಬಿದ. "ಇದು ಬರೀ ಹತ್ತಿ ಅಲ್ಲ ಸಾರ್, ಮೈಗೆ ತಾಗಿದ್ರೆ..." ಎಂದು ಅವನು ಹೇಳಹೊರಟರೆ, "ನೀನು ಮೊಳೆ ಹೊಡೆಯಯ್ಯಾ" ಎಂದು ಬಾಯಿ ಮುಚ್ಚಿಸಿದ. ಕೆಲವು ದಿನ ಕಳೆದ ಮೇಲೆ, ತಮ್ಮನ ಮೀಟರಿನಿಂದ ಬರುವ ಕರೆಂಟೂ ಬೇಡವೆಂದು ಗೋಡೆಯಲ್ಲಿ ನೆಲದಿಂದ ಎರಡಡಿ ಮೇಲೆ ಹಾದು ಬರುತ್ತಿದ್ದ ವೈರನ್ನು ತಾನೇ ಹಿಡಿದು ಎಳೆದು ಕಿತ್ತ. ವೈರು ಹೋಯಿತು, ತೂತು ಉಳಿಯಿತು. ತೂತಿನತ್ತ ಬಗ್ಗಿ ನೋಡುವುದು ದೊಡ್ಡ ಮನುಷ್ಯರ ಕೆಲಸವಲ್ಲ.

ಮಗಳು ಗುಬ್ಬಿಗೆ ಏಳು ವರ್ಷ. ಅಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಬಿಡುಗಡೆಯಾಗುವುದು ಆರಕ್ಕೆ. ಹಾಗಾಗಿ ಶಾಲೆ ಬಿಟ್ಟ ಮೇಲೆ ಗುಬ್ಬಿ ಅಂಗಡಿಗೇ ಬಂದು, ಫ್ರೇಮುಗಳ ಬೀರುವಿಗೂ ಪ್ಲೈವುಡ್ ಗೋಡೆಗೂ ನಡುವಿನ ಸಂದಿಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಮೊದಲಾದರೆ ಚಿಕ್ಕಪ್ಪನ ತೊಡೆಯ ಮೇಲೆ. ಅವಳು ಅಕ್ಷರ ಕಲಿತದ್ದೇ ಚಿಕ್ಕಪ್ಪ ಕೋಲು ಹಿಡಿದು ತೋರಿಸುತ್ತಿದ್ದ ಚಾರ್ಟಿನಿಂದ. "ಇನ್ಮೇಲೆ ಆ ಕಡೆ ಕಾಲಿಟ್ರೆ ಕಾಲು ಮುರೀತೀನಿ" ಎಂದು ಅಪ್ಪ ಹೇಳಿದ್ದ. ಹುಡುಗಿ ಕಾಲಿಡಲಿಲ್ಲ.

ರೆಪ್ಪೆ ಊದತೊಡಗಿದ್ದು ಆಮೇಲೆ. ಕೆಂಪಾಗಿ, ನೀರು ಸೋರಿ, ಕಣ್ಣು ಮುಚ್ಚಿಹೋಗುವುದು. ಮೂರು ದಿನ ಪಕ್ಕದ ಮನೆಯ ಅಜ್ಜಿಯ ಬಳಿ ಬಿಟ್ಟರೆ ಇಳಿಯುವುದು. ಮತ್ತೆ ಶಾಲೆ, ಅಂಗಡಿ ಎಂದು ಓಡಾಡಿದ ವಾರದೊಳಗೆ ಮತ್ತೆ ಊದುವುದು. ದೊಡ್ಡ ಕನ್ನಡಕ ಪ್ರತಿ ಸಲಕ್ಕೂ ಒಂದು ಕಾರಣ ಕಂಡುಹಿಡಿದ. ಮೊದಲ ಸಲ ಹೆಂಡತಿ ತಂದ ಸೋಪು. ಎರಡನೇ ಸಲ ಅಜ್ಜಿಯ ಬೆಕ್ಕು. ಬಲಗೈ ತೋರುಬೆರಳೂ ಕೆಂಪಾಗಿ ತುರಿಸುತ್ತಿತ್ತು, ಅದಕ್ಕೆ ಶಾಲೆಯ ಶಾಯಿ. ಸೋಪು ಹೋಯಿತು, ಬೆಕ್ಕು ಬೈಸಿಕೊಂಡಿತು, ರೆಪ್ಪೆ ಮಾತ್ರ ಯಾರ ಮಾತೂ ಕೇಳಲಿಲ್ಲ.

ಮೂರನೇ ಸಲ ಹೆಂಡತಿ ಹಟ ಮಾಡಿ ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿದಳು. ಡಾಕ್ಟರೋ ನಿನ್ನೆ ಮೊನ್ನೆ ಓದು ಮುಗಿಸಿದ ಹುಡುಗಿ. ಹನಿ ಹಾಕಲು ಔಷಧಿ ಬರೆದುಕೊಟ್ಟು, "ಊತ ಇಳಿದ ಮೇಲೆ ಕರ್ಕೊಂಡು ಬನ್ನಿ, ಎರಡೂ ಕಣ್ಣಿನ ದೃಷ್ಟಿ ಒಂದ್ಸಲ ನೋಡ್ಬಿಡೋಣ" ಎಂದಳು.

ದೊಡ್ಡ ಕನ್ನಡಕ ನಕ್ಕ. "ದೃಷ್ಟಿ ನೋಡೋದನ್ನ ನೀವು ನಂಗೆ ಹೇಳ್ಕೊಡ್ತೀರಾ? ನೀವು ಹುಟ್ಟೋಕೆ ಮುಂಚಿನಿಂದ ಕನ್ನಡಕ ಮಾಡ್ತಿದೀನಿ." ಲೆಕ್ಕ ಹಾಕಿದರೆ ಅದು ನಿಜವಲ್ಲ, ಆದರೆ ಲೆಕ್ಕ ಹಾಕುವ ಧೈರ್ಯ ಆ ಹುಡುಗಿ ಮಾಡಲಿಲ್ಲ. ಊತ ಇಳಿದ ಮೇಲೆ ಅವನು ಮಗಳನ್ನು ದೃಷ್ಟಿ ನೋಡಿಸಲು ಕರೆದೊಯ್ಯಲಿಲ್ಲ.

ನಾಲ್ಕನೇ ಸಲ ಹೆಂಡತಿಯೇ ಕೇಳಿದಳು: "ರೀ, ಮನೇಲಿದ್ರೆ ಇಳಿಯುತ್ತೆ, ಅಂಗಡಿಗೆ ಬಂದ್ರೆ ಊದುತ್ತೆ. ಅಂಗಡೀಲೇ ಏನೋ ಇದೆ ಅನ್ಸಲ್ವಾ?"

"ಅದನ್ನೇ ನಾನು ಹೇಳ್ತಿರೋದು" ಎಂದ ದೊಡ್ಡ ಕನ್ನಡಕ, ಹೇಳಿಯೇ ಇರದಿದ್ದರೂ. ಅಂಗಡಿಯಲ್ಲಿ ತಪ್ಪು ಇರಬೇಕಾದರೆ ಅದು ಗೋಡೆಯಾಚೆಗೇ ಇರಬೇಕು. ತಮ್ಮ ಲೆನ್ಸು ಅರೆಯುತ್ತಾನೆ, ಪುಡಿ ಹಾರಿ ಬರುತ್ತದೆ, ಕೂಸಿನ ಕಣ್ಣಿಗೆ ಬೀಳುತ್ತದೆ. ಬೇಕೆಂದೇ ಮಾಡುತ್ತಿದ್ದರೂ ಮಾಡುತ್ತಿರಬಹುದು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ತಮ್ಮನ ಮೇಲೆ ಸಾಕ್ಷಿ ಬೇಕೆಂದು ಮರುದಿನ ಬೆಳಿಗ್ಗೆ ಮಗಳನ್ನು ಅದೇ ಡಾಕ್ಟರಲ್ಲಿಗೆ ಕರೆದೊಯ್ದ. ಡಾಕ್ಟರು ಗುಬ್ಬಿಯ ರೆಪ್ಪೆಯನ್ನು ಮಡಚಿ ಒಳಮಗ್ಗುಲಿಗೆ ಬೆಳಕು ಬಿಟ್ಟು, ಚಿಮುಟದಲ್ಲಿ ಏನನ್ನೋ ಎತ್ತಿದಳು. ಕೂದಲಿಗಿಂತ ಸಣ್ಣ, ಎಳ್ಳಿನಷ್ಟು ಉದ್ದ, ಮಿಣ್ಣಗೆ ಹೊಳೆಯುತ್ತಿತ್ತು.

"ಗಾಜು" ಎಂದಳು. "ಪುಡಿ ಅಲ್ಲ ನೋಡಿ, ಎಳೆ. ಕಣ್ಣಿನ ಕಪ್ಪಿನ ಮೇಲೆ ಗೀರು ಬಿದ್ದಿದೆ. ಸದ್ಯ, ಅಂಚಲ್ಲಿದೆ. ಇನ್ನೊಂದ್ಸಲ ಹೀಗಾಗಿ ಗೀರು ನಡುವಿಗೆ ಬಿತ್ತು ಅಂದ್ರೆ ಈ ಕಣ್ಣು ಜನ್ಮಕ್ಕೆ ಮಂಜಾಗುತ್ತೆ. ಎಲ್ಲಿಂದ ಬರ್ತಿದೆ ಅಂತ ಇವತ್ತೇ ಹುಡುಕಿ."

ಅವನ ಕಿವಿಗೆ ಬಿದ್ದದ್ದು ಗಾಜು ಎನ್ನುವುದೊಂದೇ. "ಅದನ್ನ ಚೀಟೀಲಿ ಬರೆದು ಕೊಡಿ" ಎಂದ. ಹೆದರಿಕೆ ಇರಲಿಲ್ಲವೆಂದಲ್ಲ. ಗೆದ್ದ ಖುಷಿ ಅದರ ಮೇಲೆ ಕೂತಿತ್ತು.

ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಗುಬ್ಬಿ ಹೊರಡುವಾಗ ಕುರ್ಚಿಗೆ ಡಿಕ್ಕಿ ಹೊಡೆದಳು, ಆಮೇಲೆ ಬಾಗಿಲ ಚೌಕಟ್ಟಿಗೆ, ಮೆಟ್ಟಿಲ ಬಳಿ ಗೋಡೆ ತಡಕಿದಳು. "ಇನ್ನೊಂದು ಕಣ್ಣು ನೆಟ್ಟಗಿದೆಯಲ್ಲ, ನಾಟಕ ಆಡ್ಬೇಡ" ಎಂದು ಅಪ್ಪ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಅವಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು, ಚೀಟಿ ಹಿಡಿದು ನೇರ ತಮ್ಮನ ಬಾಗಿಲಿಗೆ ನಡೆದ. ಒಳಗೆ ಇಬ್ಬರು ಗಿರಾಕಿಗಳಿದ್ದರು. ಇದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡ.

"ಏನೋ! ನನ್ನ ಮೇಲಿನ ಹೊಟ್ಟೆಕಿಚ್ಚನ್ನ ಕೂಸಿನ ಕಣ್ಣಿಗೆ ಎರಚ್ತಿದೀಯಾ? ನೋಡು, ಡಾಕ್ಟರ್ ಬರೆದಿದಾರೆ. ಗಾಜು. ನೀನು ಅರೆಯೋ ಗಾಜು!"

ಚಿಕ್ಕ ಕನ್ನಡಕ ಚೀಟಿ ಓದಿದ. "ಅಣ್ಣ, ನಾವು ಗಾಜು ಅರೆದು ಎರಡು ವರ್ಷ ಆಗ್ಲಿಲ್ವಾ? ಈಗೆಲ್ಲ ಪ್ಲಾಸ್ಟಿಕ್ ಲೆನ್ಸೇ ಅಲ್ವಾ. ಅದೂ ಮಿಷನ್ನಲ್ಲಿ ನೀರು ಬಿಟ್ಕೊಂಡು ಅರೆಯೋದು, ಪುಡಿ ಎಲ್ಲಿ ಹಾರುತ್ತೆ?"

ಇದು ದೊಡ್ಡ ಕನ್ನಡಕನಿಗೆ ತನ್ನ ಹೆಸರಿನಷ್ಟೇ ಗೊತ್ತಿದ್ದ ಮಾತು. ಇಡೀ ಬೆಳಿಗ್ಗೆ ಅದು ನೆನಪಿಗೆ ಬರದಂತೆ ನೋಡಿಕೊಂಡಿದ್ದ. ಗಿರಾಕಿಗಳಲ್ಲೊಬ್ಬ ಕೆಮ್ಮಿದ.

ಅಷ್ಟರಲ್ಲಿ ತಮ್ಮನ ಮುಖ ಬಿಳಿಚಿತು. "ಯಾವ ಕಣ್ಣು? ಬಲಗಣ್ಣಾ?" ಎಂದವನು ಪ್ಲೈವುಡ್ ಗೋಡೆಯ ಕೆಳಭಾಗದತ್ತ ನೋಡಿದ.

ದೊಡ್ಡ ಕನ್ನಡಕ ತನ್ನ ಅಂಗಡಿಗೆ ಬಂದ. ಬೀರುವಿನ ಸಂದಿಯಲ್ಲಿ, ಮಗಳ ಮಣೆಯ ಮುಂದೆ, ಮಂಡಿ ಊರಿ ಕೂತ. ಮಣೆಯ ಮೇಲೆ ಏಳು ವರ್ಷದವಳು ಕೂತರೆ ಮುಖ ಎಲ್ಲಿಗೆ ಬರುತ್ತದೋ ಸರಿಯಾಗಿ ಅಲ್ಲೇ ಇತ್ತು ಅವನು ವೈರು ಕಿತ್ತ ತೂತು. ಅಂಚಿನ ತುಂಬ ಹಳದಿ ಹತ್ತಿ ಹೊರಚಾಚಿತ್ತು. ಒಂದು ಎಳೆ ಕಿತ್ತು ಬೆಳಕಿಗೆ ಹಿಡಿದ. ಮಿಣ್ಣಗೆ ಹೊಳೆಯಿತು. ಅದು ಹತ್ತಿಯೇ ಅಲ್ಲ, ಗಾಜನ್ನೇ ನೂಲಿನಂತೆ ಎಳೆದು ಮಾಡಿದ್ದು. ಬಡಗಿ ಹೇಳಬಂದದ್ದು ಇದನ್ನೇ. ತಮ್ಮನ ದನಿ ತಡೆಯಲೆಂದು ಇವನೇ ನಿಂತು ತುಂಬಿಸಿದ್ದು, ಇವನೇ ಕೈಯಾರೆ ತೂತು ತೆರೆದದ್ದು.

ಮೂಗಿನ ಮೇಲಿದ್ದ ತನ್ನ ಕನ್ನಡಕ ತೆಗೆದು ತಾನೂ ತೂತಿಗೆ ಕಣ್ಣಿಟ್ಟ. ಎದುರು ಗೋಡೆಯ ಮೇಲೆ, ನೆಲದಿಂದ ಎರಡೇ ಅಡಿ ಎತ್ತರದಲ್ಲಿ, ಕೈಯಲ್ಲಿ ಬರೆದ ಒಂದು ಚಾರ್ಟಿತ್ತು. ಮೇಲಿನ ಸಾಲು ದಪ್ಪಕ್ಷರದಲ್ಲಿ "ಗುಬ್ಬಿ". ಅದರ ಕೆಳಗೆ ಸ್ವಲ್ಪ ಸಣ್ಣದಾಗಿ "ಕಣ್ಣು ಹೇಗಿದೆ". ಮೂರನೆಯದು "ಡಾಕ್ಟರ್ ನೋಡಿದ್ರಾ". ಇನ್ನೂ ಎರಡು ಸಾಲು ಇದ್ದವು, ಸಾಲಿಂದ ಸಾಲಿಗೆ ಸಣ್ಣದಾಗುತ್ತ. ಕನ್ನಡಕವಿಲ್ಲದ ಅವನಿಗೆ ಅವು ಬರೀ ಮಸಿಯಂತೆ ಕಂಡವು. ಕಣ್ಣು ಆಗಲೇ ಚುರುಚುರು ಎನ್ನತೊಡಗಿತ್ತು.

ಅವನಿಗೆ ನಾಚಿಕೆಯಾಯಿತು. ಆದರೆ ಅವನಂಥವರ ನಾಚಿಕೆ ತಪ್ಪೊಪ್ಪಿಕೊಳ್ಳುವ ಮೊದಲು ತಪ್ಪು ಮುಚ್ಚಲು ಓಡುತ್ತದೆ. ಬಣ್ಣದಂಗಡಿಗೆ ಹೋಗಿ ತೂತಿಗೆ ಮೆತ್ತುವ ಪುಟ್ಟಿಯ ಡಬ್ಬಿ ಕೊಂಡ. ಮುಚ್ಚುವ ಮುಂಚೆ ಮಗಳಿಗೆ ಎರಡು ಬುದ್ಧಿಮಾತು ಹೇಳೋಣವೆಂದು ಸಂಜೆ ಮನೆಗೆ ಬಂದ. ಹೆಂಡತಿ ಕೆಲಸದಿಂದ ಬಂದು, ಮಗಳನ್ನು ಅಜ್ಜಿಯ ಮನೆಯಿಂದ ಕರೆತಂದು, ಒಳಗೆ ಬಟ್ಟೆ ಮಡಚುತ್ತಿದ್ದಳು. ಗುಬ್ಬಿ ಕಣ್ಣಿನ ಪಟ್ಟಿಯೊಂದಿಗೆ ಮಂಚದ ಮೇಲೆ ಕೂತಿದ್ದಳು.

"ತೂತಲ್ಲಿ ಇಣುಕ್ತಿದ್ದೆ ಅಲ್ವಾ?"

ಗುಬ್ಬಿ ಹೌದೆಂದು ತಲೆಯಾಡಿಸಿದಳು. ಆಮೇಲೆ, "ಮಾತು ಕೇಳ್ಸಲ್ವಲ್ಲ, ಅದಕ್ಕೆ ಚಿಕ್ಕಪ್ಪ ಬರೀತಾರೆ. ಹೌದು ಅನ್ನೋಕೆ ನಾನು ಬೆರಳು ತೂರಿಸಿ ಒಂದ್ಸಲ ಆಡಿಸ್ತೀನಿ, ಇಲ್ಲ ಅನ್ನೋಕೆ ಎರಡು ಸಲ" ಎಂದಳು. "ಕೊನೇ ಸಾಲಲ್ಲಿ ಜೋಕ್ ಇರುತ್ತೆ."

"ಚುಚ್ಚೋದು ಗೊತ್ತಾಗ್ತಿರ್ಲಿಲ್ವಾ?"

"ಗೊತ್ತಾಗ್ತಿತ್ತು."

"ಮತ್ತೆ ಹೇಳೋಕೇನು ಧಾಡಿ?"

"ಹೇಳಿದ್ರೆ ನೀನು ಮುಚ್ಚಿಬಿಡ್ತಿದ್ದೆ."

ಡಬ್ಬಿ ಅವನ ಕೈಯಲ್ಲೇ ಇತ್ತು. ಅದನ್ನು ಬೆನ್ನ ಹಿಂದೆ ಹಿಡಿದು, ಏನಾದರೂ ಹೇಳಬೇಕಲ್ಲ ಎಂದು ಗದರಿದ. "ಒಂದೇ ಕಣ್ಣನ್ನ ಹಾಗೆ ತಿವಿಸ್ಕೊಂಡಿದೀಯಲ್ಲ, ಒಂದೊಂದ್ಸಲ ಎಡಗಣ್ಣಲ್ಲಾದ್ರೂ ನೋಡ್ಬಾರದಿತ್ತಾ?"

"ಎಡಗಣ್ಣಲ್ಲಿ ಕಾಣಲ್ಲ."

"ಸರಿಯಾಗಿ ಒತ್ತಿಟ್ರೆ ಕಾಣುತ್ತೆ. ತೂತು ಚಿಕ್ಕದು."

"ತೂತಲ್ಲಿ ಅಲ್ಲಪ್ಪ. ಅದ್ರಲ್ಲಿ ಯಾವಾಗ್ಲೂ ಕಾಣಲ್ಲ." ಅಪ್ಪನಿಗೆ ಇಷ್ಟೂ ತಿಳಿಯದಲ್ಲ ಎನ್ನುವಂತೆ ಬಿಡಿಸಿ ಹೇಳಿದಳು: "ಎಲ್ರಿಗೂ ಒಂದು ನೋಡೋ ಕಣ್ಣು, ಇನ್ನೊಂದು ಸುಮ್ನೆ ಇರೋ ಕಣ್ಣು ಅಲ್ವಾ?"

ಬೆಳಿಗ್ಗೆಯ ಕುರ್ಚಿ, ಬಾಗಿಲು, ಗೋಡೆ ತಡಕಿದ ಕೈ ಒಂದೊಂದಾಗಿ ಅವನ ಮುಂದೆ ಬಂದವು. ಊರ ಕಣ್ಣನ್ನೆಲ್ಲ ಕೂರಿಸಿದ ಕುರ್ಚಿಯಲ್ಲಿ ಈ ಒಂದು ಜೊತೆ ಕಣ್ಣನ್ನು ಅವನು ಒಮ್ಮೆಯೂ ಕೂರಿಸಿರಲಿಲ್ಲ. ನೋಡೋಣ ಎಂದ ಡಾಕ್ಟರನ್ನು ನೋಡಿ ನಕ್ಕು ಬಂದಿದ್ದ. ಅವಳಿಗೆ ಇದ್ದ ಒಂದೇ ಕಣ್ಣಿಗೆ ನಾಲ್ಕು ಸಲ ಗಾಜು ಚುಚ್ಚಿತ್ತು.

ಡಬ್ಬಿ ಕೆಳಗಿಟ್ಟು ಎದುರು ಗೋಡೆಯ ತನಕ ಹಿಂದೆ ಸರಿದ. ಕೋಣೆ ಅಲ್ಲಿಗೆ ಮುಗಿಯಿತು, ಹೆಚ್ಚೆಂದರೆ ಹತ್ತಡಿ. ಕೈ ಎತ್ತಿ ಮೂರು ಬೆರಳು ಬಿಡಿಸಿದ.

"ಎಷ್ಟು ಬೆರಳು, ಹೇಳು ಮಗಳೇ."

ಗುಬ್ಬಿ ಕತ್ತು ಮುಂದೆ ಚಾಚಿದಳು, ಪಟ್ಟಿ ಇಲ್ಲದ ಕಣ್ಣನ್ನು ಕಿರಿದು ಮಾಡಿದಳು, ಅಪ್ಪನಿಗೆ ಬೇಜಾರಾಗದಂತೆ ಏನು ಹೇಳಲಿ ಎಂದು ಒಂದು ಗಳಿಗೆ ಯೋಚಿಸಿದಳು.

"ಕೈ ಎತ್ತಿದೀಯಾ ಅಪ್ಪ?"

ಹೆಂಡತಿ ಮಡಚಿದ ಬಟ್ಟೆ ಹಿಡಿದು ಬಾಗಿಲಿಗೆ ಬಂದು, "ಏನಂತ್ರೀ? ಕಾರಣ ಗೊತ್ತಾಯ್ತಾ?" ಎಂದು ಕೇಳಿದಳು. ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ದೊಡ್ಡ ಕನ್ನಡಕ ಅಭ್ಯಾಸಬಲದಿಂದ ಹುಡುಕಿದ. ಸೋಪು, ಬೆಕ್ಕು, ಡಾಕ್ಟರು, ತಮ್ಮ, ಯಾರೂ ಸಿಗಲಿಲ್ಲ.

"ಇವಳ ಕಣ್ಣು ನಾನು ನೋಡೇ ಇಲ್ಲ" ಎಂದ. ಎತ್ತಿದ ಮೂರು ಬೆರಳು ಹಾಗೇ ಇದ್ದವು.