ಗುಂಡಿ ಹಾಕು

“ತೋಡೋನು ಲೈನಲ್ಲೇ ಇದಾನೆ ತಾಯಿ. ಗುಂಡಿ ತೋಡ್ಲಾ ಬೇಡ್ವಾ ಅಂತಾನೆ. ಏನು ಹೇಳ್ಲಿ?”

ಫೋನಿಗೆ ಅಂಗೈ ಮುಚ್ಚಿಕೊಂಡು ಭಾವ ಬಾಗಿಲಲ್ಲಿ ನಿಂತಿದ್ದರು. ಅವಳು ಗಂಡನ ಕಾಲ ಬಳಿ ಕೂತಿದ್ದಳು. ನಿನ್ನೆಯಿಂದ ಮೈಮೇಲಿದ್ದ ಸ್ವೆಟರನ್ನು ಎದೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ವಿದ್ಯುತ್ ಚಿತಾಗಾರಕ್ಕೆ ಮಗಳು ಬೆಳಿಗ್ಗೆಯೇ ತಿಳಿಸಿಯಾಗಿತ್ತು. ಅಲ್ಲಿಂದ ಗಾಡಿಯೂ ಹೊರಟಿತ್ತು.

“ಹೂಳೋದು ಅಂತ ಯಾವಾಗ ಮಾತಾಯ್ತು ದೊಡ್ಡಪ್ಪ?” ಎಂದಳು ಮಗಳು.

“ನಾನಲ್ಲಮ್ಮ, ನಿಮ್ಮಪ್ಪನೇ ಹೇಳಿದ್ದು. ನಿಮ್ಮಮ್ಮನ್ನ ಕೇಳು.”

ಎಲ್ಲರೂ ಅವಳ ಕಡೆ ತಿರುಗಿದರು. ಸುದ್ದಿ ಮುಟ್ಟಿಸಲು ಫೋನು ಮಾಡಿದಾಗ, ಕೊನೆಗೆ ಏನಾದರೂ ಹೇಳಿದನಾ ಎಂದು ಭಾವ ಕೇಳಿದ್ದರು. ಗುಂಡಿ ಹಾಕು ಎಂದರು ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಭಾವನ ಕಿವಿಯಲ್ಲಿ ಅದು ‘ಗುಂಡಿಗೆ ಹಾಕು’ ಆಗಿತ್ತು.

ಗಾಡಿಯ ಸದ್ದಿಗೆ ಕಿವಿಗೊಟ್ಟು ಕೂತವಳಿಗೆ ಈಗ ತನ್ನ ಕಿವಿಯ ಮೇಲೂ ನಂಬಿಕೆ ಉಳಿದಿರಲಿಲ್ಲ.

* * *

ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಕತ್ತರಿಸುವುದು, ಹೊಲಿಯುವುದು ಅವನ ಪಾಲು. ಗುಂಡಿ ತೂರಿಸುವ ಕಾಜಾ ಎತ್ತುವುದು, ಗುಂಡಿ ಹಚ್ಚುವುದು ಅವಳ ಪಾಲು. ಮಾತಿದ್ದ ಕಾಲದಲ್ಲೂ ಅವನದು ಹೆಚ್ಚು ಮಾತಲ್ಲ. ಮುಗಿದ ಅಂಗಿಯನ್ನು ಅವಳ ಮಡಿಲಿಗೆ ಎಸೆಯುತ್ತಿದ್ದ, ಅಷ್ಟೆ.

ಲಕ್ವ ಹೊಡೆದು ಬಲಗೈ ಮತ್ತು ಬಾಯಿ ಎರಡೂ ಹೋದ ಮೇಲೆ, ಮಾತು ಕಲಿಸುವ ಹುಡುಗಿಯೊಬ್ಬಳು ಮನೆಗೇ ಬರತೊಡಗಿದಳು. ಮನೆಯವರೆಲ್ಲ ಅವಳನ್ನು ಮಾತಿನ ಮೇಡಂ ಎನ್ನುತ್ತಿದ್ದರು. ಅವಳು ಕತ್ತರಿ, ದಾರದ ಉಂಡೆ, ಟೇಪು, ಗುಂಡಿ ಎಲ್ಲವನ್ನೂ ಕಟಿಂಗ್ ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದರ ಮೊದಲ ಅಕ್ಷರ ಹೇಳಿ ಸುಮ್ಮನಾಗುತ್ತಿದ್ದಳು. ಎಷ್ಟೋ ದಿನ ಬರೀ ಉಸಿರು. ಆಮೇಲೊಮ್ಮೆ ‘ಗುಂಡಿ’ ಎಂದ. ಆ ಸಂಭ್ರಮದಲ್ಲಿ ಯಾರಿಗೂ ಹೊಳೆಯಲಿಲ್ಲ, ಇನ್ನು ಮುಂದೆ ಎಲ್ಲವೂ ಗುಂಡಿಯೇ ಎಂದು. ಚಹಾ ಗುಂಡಿ, ಫ್ಯಾನು ಗುಂಡಿ, ಮಗಳೂ ಗುಂಡಿ.

“ಮಾಸ್ಟ್ರೇ, ಬೈತಿದೀರೋ ಹೊಗಳ್ತಿದೀರೋ, ಅದನ್ನಾದ್ರೂ ಹೇಳಿ” ಎಂದು ಇಸ್ತ್ರಿಯವನು ಕಿಚಾಯಿಸಿದರೆ, ‘ಗುಂಡಿ’ ಎಂದು ಅರ್ಧ ಮುಖದಲ್ಲಿ ನಗುತ್ತಿದ್ದ.

ಮೇಡಂ ಅವನ ಹೆಂಡತಿಗೂ ಒಂದು ಪಾಠ ಹೇಳಿದ್ದಳು: ಅವರ ಬಾಯಿಗೆ ನೀವು ಮಾತು ತುರುಕಬೇಡಿ, ಕಾಯಿರಿ. ಅವಳಿಗೆ ಕಾಯಲಾಗುತ್ತಿರಲಿಲ್ಲ. ನೀರಾ, ಹೊದಿಕೆಯಾ, ಸೆಕೆಯಾ, ನೋವಾ ಎಂದು ಒಂದರ ಮೇಲೊಂದು ಕೇಳುತ್ತಿದ್ದಳು; ಕೊನೆಗೆ ಅವನೇ ಸೋತು ಯಾವುದಕ್ಕಾದರೂ ತಲೆಯಾಡಿಸುತ್ತಿದ್ದ.

* * *

ಸುದ್ದಿ ಕೇಳಿ ಮೇಡಂ ಬಂದಳು. ಅಭ್ಯಾಸಬಲದಿಂದ ಮಾತು ಕಲಿಸುವ ಚಿತ್ರಗಳ ಚೀಲವನ್ನೂ ಹೆಗಲಿಗೇರಿಸಿಕೊಂಡು ಬಂದಿದ್ದಳು. ಅವಳು ಮೇಡಮ್ಮನ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದು, ನಡೆದದ್ದನ್ನೆಲ್ಲ ಹೇಳಿದಳು.

“ಅದರಲ್ಲಿ ‘ಗೆ’ ಇದ್ದಿರಬಹುದಾ ಮೇಡಂ?”

“ಅವರಿಗೆ ‘ಗೆ’ ಇನ್ನೂ ಬಂದಿರಲಿಲ್ಲ ಅಮ್ಮ. ಅಂಗಡಿಗೆ ಹೋಗು ಅಂತ ನನ್ನ ಹಿಂದೆಯೇ ಹೇಳಿಸಿದ್ರೂ ಅಂಗಡಿ ಹೋಗು ಅಂತಿದ್ರು. ಮನಸ್ಸಲ್ಲಿ ಇದ್ರೂ ಬಾಯಲ್ಲಿ ಬರ್ತಿರಲಿಲ್ಲ.”

“ಹಾಗಾದ್ರೆ ಹೂಳಿ ಅಂತಲೇ ಅಂದಿರಬಹುದು.”

“ಇರಬಹುದು. ನೀರು ಕೊಡು ಅಂತಲೂ ಇರಬಹುದು.” ಮೇಡಂ ಚೀಲ ಕೆಳಗಿಟ್ಟು ಕೇಳಿದಳು, “ಹೇಳುವಾಗ ಎಲ್ಲಿ ನೋಡ್ತಿದ್ರು?”

“ನನ್ನನ್ನೇ.”

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

* * *

ನಿನ್ನೆ ಸಂಜೆ ಗಂಜಿ ಕುಡಿಸಲು ಅವಳು ಬಾಗಿದ್ದಳು. ‘ಗುಂಡಿ’ ಎಂದ. ಎಂದಿನಂತೆ ನಿಲ್ಲಿಸದೆ, ತುಟಿ ಒದ್ದಾಡಿಸಿ, ‘ಹಾಕು’ ಎಂದ. ಯಾರೂ ಹೇಳಿಕೊಡದೆ, ತಾನಾಗಿಯೇ ಎರಡು ಮಾತು ಜೋಡಿಸಿದ್ದು ಅದೇ ಮೊದಲು. ಅವಳು ಅವನ ಅಂಗಿಗೆ ಕತ್ತಿನವರೆಗೂ ಗುಂಡಿ ಹಾಕಿದಳು. ಅಲ್ಲವೆಂದು ತಲೆಯಾಡಿಸಿದ. ಬಿಚ್ಚಿದಳು. ಅದೂ ಅಲ್ಲ. ದೀಪದ ಗುಂಡಿ ಒತ್ತಿದಳು, ಆರಿಸಿದಳು. ಅವನು ಎಡಗೈ ಚಾಚಿ ಅವಳ ಸ್ವೆಟರಿನ ಅಂಚನ್ನು ಹಿಡಿದು ಜಗ್ಗಿದ. ಹೆದರಿದ್ದಾನೆ ಅನ್ನಿಸಿ ಆ ಕೈಯನ್ನು ಬಿಡಿಸಿ ತನ್ನ ಕೈಯಲ್ಲಿಟ್ಟುಕೊಂಡು, ಇಲ್ಲೇ ಇದೀನಲ್ಲ ಎಂದಳು. ಅಳತೆ ಕೊಡುವಾಗ ನೆಟ್ಟಗೆ ನಿಲ್ಲದ ಗಿರಾಕಿಯನ್ನು ನೋಡುವಂತೆ ಅವಳನ್ನೊಮ್ಮೆ ನೋಡಿ, ಕಣ್ಣು ಮುಚ್ಚಿದ.

* * *

ಅಡುಗೆಮನೆಯಿಂದ ಹೊರಬಂದು ಭಾವನಿಗೆ “ತೋಡ್ಲಿ” ಎಂದಳು.

ಮಗಳು ಎದುರಾಡಲು ಬಾಯಿ ತೆರೆದಳು. “ಸುಟ್ಟ ಮೇಲೆ, ಅದು ತಪ್ಪು ಅಂತ ಗೊತ್ತಾದ್ರೆ ಏನ್ ಮಾಡೋದು ಹೇಳು?” ಎಂದು ಅವಳೇ ಮಗಳನ್ನು ಕೇಳಿದಳು. ಹೂತಿದ್ದನ್ನಾದರೆ ಸರಿಪಡಿಸಬಹುದು ಎಂಬಂತಿತ್ತು ಆ ದನಿ. ಮಗಳು ಹೊರಗೆ ಹೋಗಿ, ಬಂದ ಗಾಡಿಯವನೊಂದಿಗೆ ಇನ್ನೊಂದು ದಿಕ್ಕಿನ ದಾರಿ ಮಾತಾಡಿದಳು.

ಸ್ಮಶಾನದ ಬಯಲಿನಲ್ಲಿ ಗಾಳಿ ಬೀಸುತ್ತಿತ್ತು. ಅವನನ್ನು ಇಳಿಸಿ ಹಗ್ಗ ಎಳೆದುಕೊಂಡರು. ಹಗ್ಗ ಎಳೆದ ಆಯಾಸಕ್ಕೆ ಭಾವ ಸೊಂಟ ಹಿಡಿದುಕೊಂಡು, ಕೊನೆಗೂ ತಮ್ಮನ ಮಾತು ನಡೆಸಿಕೊಟ್ಟೆವು ಎಂದರು. ಅವಳು ಹಿಡಿ ಮಣ್ಣು ಹಾಕಲು ಸ್ವೆಟರಿನಿಂದ ಕೈ ತೆಗೆದಾಗ ಗಾಳಿಗೆ ಅದು ತೆರೆದುಕೊಂಡಿತು. ಮಣ್ಣು ಹಾಕಿ, ನೋಡದೆಯೇ ಗುಂಡಿ ಹಾಕಿಕೊಳ್ಳಲು ಹೋದಳು. ಬೆರಳು ಕಾಜಾದಿಂದ ತೂರಿ ಆಚೆ ಬಂತು. ಆಚೆ ಗುಂಡಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ, ಜಗ್ಗಿ ಉದ್ದವಾದ ಒಂದು ಎಳೆ ದಾರ ಗಾಳಿಗೆ ಆಡುತ್ತಿತ್ತು.

“ಮುಚ್ಚಲಾ ಅಂತಾನೆ ತಾಯಿ” ಎಂದರು ಭಾವ. “ಏನು ಹೇಳ್ಲಿ?”

ಸಲಿಕೆ ಹಿಡಿದವನು ಅವಳ ಮುಖ ನೋಡಿದ. ಅವಳು ತನ್ನ ಬೆರಳನ್ನೇ ನೋಡುತ್ತಿದ್ದಳು. ಅದು ಖಾಲಿ ಕಾಜಾದೊಳಗೆ ಹಾಗೇ ನಿಂತಿತ್ತು.