ಅಕ್ಕನ ಮದುವೆಯ ಕ್ಯಾಸೆಟ್ಟು

ಗಂಜಾಮಿನ ಅಕ್ಕಸಾಲಿಗ ಚಂದ್ರಶೇಖರನಿಗೆ ಆ ಕ್ಯಾಸೆಟ್ಟು ಸಿಕ್ಕಿದ್ದು ಅವ್ವ ಚೆಲುವಮ್ಮ ತೀರಿಕೊಂಡ ಮೇಲೆ, ಅವಳ ಸೀರೆ ಪೆಟ್ಟಿಗೆಯಲ್ಲಿ. ಅಕ್ಕನ ಮದುವೆಯ ಹಿಂದಿನ ದಿನ ಅವ್ವ ಹಾಡಿದ ಸೋಬಾನೆ ಪದ. ಟೇಪ್ ರೆಕಾರ್ಡರು ಹಿಡಿದು ಮುಂದೆ ಕೂತಿದ್ದವನು ಇವನೇ. ಹಿಂದೆ ಪಡಸಾಲೆಯಲ್ಲಿ ಅಪ್ಪ ತಾಳಿ ಬಡಿಯುತ್ತಿದ್ದ. ಮಗಳ ತಾಳಿಯನ್ನು ಬೇರೆಯವರ ಕೈಗೆ ಕೊಡುವ ಆಸಾಮಿಯಲ್ಲ ಅವನು.

ಕ್ಯಾತನಹಳ್ಳಿಗೆ ಸೊಸೆಯಾಗಿ ಹೋದ ಅಕ್ಕ ಅಣ್ಣಮ್ಮನಿಗೆ ಅದೇ ಸಿಟ್ಟು. ಅಪ್ಪ ಸತ್ತು ಹೋದರೂ ಅದು ಸಾಯಲಿಲ್ಲ. "ಊರೋರೆಲ್ಲ ಅಳ್ತಾ ಇದ್ರು ಕಣ್ಲಾ, ಆಯಪ್ಪ ತಲೆ ಎತ್ನಿಲ್ಲ. ಕುಟ್ತಾನೇ ಇದ್ದ. ನಾನು ವೋದ್ರೆ ಸಾಕಾಗಿತ್ತು ಅವ್ನಿಗೆ."

ಪಾಂಡವಪುರದ ಯೋಗೇಶನ ಅಂಗಡಿಯಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಿದ್ದರು. ಅಕ್ಕನಿಗೆ ಅವ್ವನ ದನಿ ಕೇಳಿಸೋಣವೆಂದು ಚಂದ್ರಶೇಖರ ಕ್ಯಾಸೆಟ್ಟನ್ನು ಅಲ್ಲಿಗೆ ಒಯ್ದ.

"ಎಂಪಿತ್ರೀ ಮಾಡ್ಲೋ, ವೇವ್ ಮಾಡ್ಲೋ ಆಚಾರ್ರೇ? ಎಂಪಿತ್ರೀ ಚಿಕ್ದು. ವೇವು ಬಲು ದೊಡ್ದು, ಫೋನಲ್ಲಿ ಜಾಗ ತಿಂತದೆ."

"ಇರೋದ್ರಲ್ಲಿ ಚಿಕ್ದು ಮಾಡು. ಅಕ್ಕನ ಫೋನಲ್ಲಿ ಮೊಮ್ಮಕ್ಕಳ ಫೋಟೋಗೇ ಜಾಗ ಇಲ್ಲ."

ಚಂದ್ರಶೇಖರ ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕೇಳಿದ. ಅವ್ವನ ದನಿಗೆ ಕಣ್ಣು ತುಂಬಿತು. ಆದರೂ ಮನಸ್ಸಿಗೆ ಏನೋ ಕಮ್ಮಿ ಅನ್ನಿಸಿತು.

"ಸುತ್ತಿಗೆ ಸದ್ದು ಎಲ್ಲೋಯ್ತಪ್ಪಾ?"

"ಜೋರು ದನಿ ಅಡೀಲಿರೋ ಸಣ್ಣ ಸದ್ದ ಇದು ಬಿಟ್ಬುಡ್ತದೆ. ಇಷ್ಟು ಚಿಕ್ದು ಮಾಡುದ್ರೆ ಅಂಗೇಯ."

ಚಂದ್ರಶೇಖರನಿಗೆ ತನ್ನ ಮೇಲೇ ರೇಗಿತು. ಅಕ್ಕಸಾಲಿಗರು ಕೆಲಸದ ಜಾಗ ಗುಡಿಸಿದ ಕಸವನ್ನು ಬೀದಿಗೆ ಚೆಲ್ಲುವುದಿಲ್ಲ. ಕೂಡಿಟ್ಟು, ತೊಳೆದು, ಸಾಸಿವೆಯಷ್ಟಾದರೂ ಚಿನ್ನ ತೆಗೆಯುತ್ತಾರೆ. ಅಂಥ ಮನೆಯಲ್ಲಿ ಹುಟ್ಟಿ, ಜಾಗ ಉಳಿಸಲು ಹೋಗಿ ಅಪ್ಪನನ್ನೇ ಗುಡಿಸಿ ಹಾಕಿದ್ದ.

"ದೊಡ್ದೇ ಕೊಡು, ಪೆನ್‌ಡ್ರೈವಿಗೆ."

"ಮೊದ್ಲು ಇಳಿಸ್ಕೊಂಡಿದ್ದು ದೊಡ್ದೇಯ. ಅಳಿಸಿಲ್ಲ ಬುಡಿ," ಎಂದ ಯೋಗೇಶ.

ಅಲ್ಲಿಂದ ನೇರ ಕ್ಯಾತನಹಳ್ಳಿ ಬಸ್ಸು ಹತ್ತಿದ. ಪೆನ್‌ಡ್ರೈವನ್ನು ಅಕ್ಕನ ಮನೆಯ ಟೀವಿಗೆ ಸಿಕ್ಕಿಸಿದ. ಅವ್ವ ಹಾಡತೊಡಗಿದಳು. ಹಿಂದೆ ಟಕ್, ಟಕ್.

"ನೋಡು, ಕುಟ್ತಾನೇ ಅವ್ನೆ," ಎಂದು ಅಣ್ಣಮ್ಮ ಮೂತಿ ತಿರುವಿದಳು. ಇದನ್ನು ಯಾಕಾದರೂ ಹೊತ್ತು ತಂದೆನೋ ಅನ್ನಿಸಿತು ಚಂದ್ರಶೇಖರನಿಗೆ.

ಅವ್ವ ಮಗಳನ್ನು ಒಪ್ಪಿಸಿಕೊಡುವ ಪದ ಎತ್ತಿಕೊಂಡಳು. ಸುತ್ತಿಗೆ ನಿಂತಿತು. ಒಂದು ನುಡಿ ಮುಗಿಯಿತು, ಎರಡಾಯಿತು, ಐದಾಯಿತು. ಏಟೇ ಇಲ್ಲ. ಅಂದು ಎದುರಿಗೇ ಕೂತಿದ್ದರೂ ಚಂದ್ರಶೇಖರ ಇದನ್ನು ಗಮನಿಸಿರಲಿಲ್ಲ.

"ಚಿನ್ನ ಕಾಯ್ಸಕ್ಕೆ ನಿಲ್ಸಿರ್ಬೋದು," ಎಂದ ಮೆಲ್ಲಗೆ.

"ಕಾಯ್ಸಿದ್ರೆ ಕೊಳ್ವೆ ಊದೋ ಸದ್ದು ಕೇಳ್ಬೇಕಿತ್ತು," ಎಂದಳು ಅಕ್ಕ. ಅವಳೂ ಅಕ್ಕಸಾಲಿಗನ ಮಗಳೇ ತಾನೆ.

ಪದ ಮುಗಿದ ಎಷ್ಟೋ ಹೊತ್ತಿನ ಮೇಲೆ ಒಂದು ಏಟು ಬಿತ್ತು, ಕಲಿಯುವವರ ಏಟಿನಂತೆ ಓರೆಯಾಗಿ. ಅಣ್ಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅತ್ತವ್ನೆ ಕಣ್ಲಾ. ಮೂವತ್ತೈದು ವರ್ಷ ನಾನು ಬಯ್ಕೊಂಡೇ ಬಂದ್ನಲ್ಲಾ ಅವ್ನ."